ಕೊಡೆ ರಿಪೇರಿಯವನ ಕೊರತೆ

ಅಪ್ಪಾ,

ಎರಡು ವರ್ಷ ಮುಚ್ಚಿಟ್ಟದ್ದನ್ನು ಹೇಳುತ್ತೇನೆ: ಓದು ನಿಲ್ಲಿಸಿ ಶಾಲೆ ಬಿಟ್ಟ ಮೇಲೆ ಟೈಪಿಂಗ್ ತರಗತಿಗೆ ಎಂದು ಹೇಳಿ ಹೊರಡುತ್ತಿದ್ದ ನಾನು ಅಲ್ಲಿಗೆ ಹೋಗಲೇ ಇಲ್ಲ. ಗೆಳತಿಯ ಮಹಡಿಯಲ್ಲಿ ಒಬ್ಬೊಬ್ಬರು ಒಂದೊಂದು ಪಾತ್ರ ಕಟ್ಟಿ, ದಾಳ ಬಿದ್ದಂತೆ ಕಥೆ ಬೆಳೆಸುವ ಕಥೆಯಾಟ ಆಡುತ್ತಿದ್ದೆ.

ನನ್ನ ಪಾತ್ರ ನೀವೇ. ನಿಮ್ಮಂತೆ ಕೊಡೆ ರಿಪೇರಿ ಮಾಡುವ ಅವನು, ಕೊಡೆ ಬಿಚ್ಚಿದರೆ ಮೋಡದಿಂದ ಮೋಡಕ್ಕೆ ತೇಲುತ್ತಾನೆ. ಅವನ ನೆರಳು ಬಿದ್ದ ಬೀದಿಯಲ್ಲಿ ಜನ ಕನಸು ಕಂಡಂತೆ ನಿಲ್ಲುತ್ತಾರೆ.

ಪ್ರತಿ ಪಾತ್ರದ ಹಾಳೆಯಲ್ಲೂ ಅದರ ಒಂದು ಕೊರತೆ ಬರೆಯಬೇಕೆಂಬುದು ಆಟದ ನಿಯಮ. “ಶಾಲೆ ಬಿಟ್ಟ ಮಗಳ ಜೊತೆ ಮಾತಾಡುವುದಿಲ್ಲ” ಎಂದು ಬರೆದೆ. ಗೆಳತಿ ನಕ್ಕಳು: “ಅದು ಅವರ ಕೊರತೆ ಅಲ್ಲ ಕಣೇ, ನಿನ್ ಸಿಟ್ಟು.” ಅಳಿಸಿದೆ.

ಆ ಹಾಳೆ ನಿಮ್ಮ ಕೊಡೆ ಕಡ್ಡಿಗಳ ಡಬ್ಬಿಯಲ್ಲಿದೆ. ಖಾಲಿ ಉಳಿದ ಕೊರತೆಯ ಸಾಲನ್ನು ನೀವೇ ತುಂಬಿಸಿ. ಬಾಯಲ್ಲಿ ಹೇಳಿದರೂ ಸಾಕು, ನಾನು ಬರೆದುಕೊಳ್ಳುತ್ತೇನೆ.

ಆಟಗಳಿಗೆ ಪಾತ್ರ ಬರೆಯುವ ಕೆಲಸ ಸಿಕ್ಕಿದೆ. ನಾಳೆ ಬೆಳಿಗ್ಗೆ ಏಳರ ಬಸ್ಸಿಗೆ ಹೊರಡುತ್ತೇನೆ.

ನಿಮ್ಮ ಕಿರಿಮಗಳು