ಬಿಳಿ ಎಲೆಕೋಸಿನ ಬಟ್ಟಲು

ಮಾರ್ಚ್ ೯, ಭಾನುವಾರ
ಮಹಡಿ ಮನೆ, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಮೊಣಕೈ ನೋವು ಕಡಿಮೆಯಾಯಿತೆ? ಆ ಹಾಸ್ಟೆಲಿನ ದೊಡ್ಡ ಪಾತ್ರೆಗಳನ್ನು ಎತ್ತುವಾಗ ಇನ್ನೊಬ್ಬರನ್ನು ಕರೆ ಎಂದರೆ ನೀನು ಕರೆಯುವವಳಲ್ಲ, ಗೊತ್ತು. ನಾನು ಚೆನ್ನಾಗಿದ್ದೇನೆ. ಕಳೆದ ತಿಂಗಳು ಡಾಕ್ಟರು ಬಾಯಿ ತೆರೆಸಿ, ಬೆಳಕು ಬಿಟ್ಟು ನೋಡಿ, ಇನ್ನು ಆರು ತಿಂಗಳು ಈ ಕಡೆ ತಲೆ ಹಾಕಬೇಡಿ ಎಂದರು. ಕೂದಲು ಕಿವಿಯವರೆಗೆ ಬೆಳೆದಿದೆ, ಪೂರಾ ಬಿಳಿ. ಕನ್ನಡಿಯಲ್ಲಿ ಯಾರೋ ನಿವೃತ್ತ ಹೆಡ್‌ಮಾಸ್ಟರ್ ಇಣುಕಿದ ಹಾಗಿರುತ್ತದೆ.

ಈಗ ಸುದ್ದಿ. ಇವತ್ತು ನಿನ್ನ ಹೋಟೆಲಿಗೆ ಹೋಗಿದ್ದೆ. ನಿನ್ನದು ಎಂದೇ ಬರೆಯುತ್ತೇನೆ. ನಿನ್ನ ಗಂಡ ಎನಿಸಿಕೊಂಡವನ ಹೆಸರು ಬರೆದು ಒಳ್ಳೆಯ ಕಾಗದ ಹಾಳು ಮಾಡುವುದಿಲ್ಲ. 'ಕವಿತೆ ಓದೋರಿಗೆ ಸೇಡು ಎಲ್ಲಿ ಬರುತ್ತೆ ಅಕ್ಕಾ' ಎಂದು ನಗುತ್ತಿದ್ದೆಯಲ್ಲ, ಬರುತ್ತದೆ ಕಣೇ. ನಿಧಾನವಾಗಿ, ಒಂದು ಪದವೂ ಹೆಚ್ಚಿಲ್ಲದೆ ಬರುತ್ತದೆ.

ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಮೆನು ಇನ್ನೂ ಹಾಗೇ ಇದೆ. ಸೋಯಾ ಮಿಸೊ ಸವರಿದ ಟೋಸ್ಟಿನ ಮೇಲೆ ಅಣಬೆ, ಆವಿಯಲ್ಲಿ ಬೆಂದ ಬನ್ನಿನೊಳಗೆ ಹುರಿದ ಮೊಟ್ಟೆ, ಎಳ್ಳೆಣ್ಣೆಯ ನೂಡಲ್ಸ್. ಬ್ರಂಚ್ ಎಂದರೆ ತಡವಾಗಿ ಎದ್ದವರು ತಪ್ಪೊಪ್ಪಿಕೊಳ್ಳದೆ ತಿನ್ನುವ ತಿಂಡಿ ತಾನೆ. ಹನ್ನೊಂದಕ್ಕೆ ಜಾಗವೇ ಇರಲಿಲ್ಲ. ಗುರುತಿಲ್ಲದವರೆಲ್ಲ ಒಟ್ಟಿಗೆ ಕೂರಲೆಂದು ನೀನು ಹಾಕಿಸಿದ ಉದ್ದ ಮೇಜಿನ ತುದಿಯಲ್ಲಿ ನನಗೊಂದು ಕುರ್ಚಿ ಸಿಕ್ಕಿತು. ಹಲಗೆಯ ಮೇಲ್ತುದಿಯಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು: ನಮ್ಮಜ್ಜಿಯ ಬಿಳಿ ಬಟ್ಟಲು.

ಗಂಜಿ, ಅರೆಬೆಂದ ಮೊಟ್ಟೆ, ತುಸುವೇ ಹುಳಿ ಬರಿಸಿದ ಎಲೆಕೋಸು. ಮೆಣಸಿನಕಾಯಿ ಪುಡಿ ಸೋಂಕದ ಬಿಳಿ ಎಲೆಕೋಸು. ನನ್ನ ನಾಲಿಗೆಯ ಕ್ಯಾನ್ಸರಿಗೆ ರೇಡಿಯೇಷನ್, ಕೀಮೋ ಕೊಟ್ಟು ಬಾಯೆಲ್ಲ ಹುಣ್ಣಾಗಿ, ನೀರು ಕುಡಿದರೂ ಕಣ್ಣಲ್ಲಿ ನೀರು ಬರುತ್ತಿದ್ದಾಗ, ನನ್ನ ಈ ಅಡುಗೆಮನೆಯಲ್ಲಿ ಹನ್ನೆರಡು ಸಲ ಕೆಡಿಸಿ ಹದಿಮೂರನೆಯ ಸಲ ನೀನು ಹದ ಹಿಡಿದದ್ದು. ಐದು ತಿಂಗಳು ನನ್ನ ಹಾಸಿಗೆಯ ಪಕ್ಕದಲ್ಲಿದ್ದೆ. ಕಾಯಿಲೆಯ ವಿಷಯ ಯಾರಿಗೂ ಹೇಳಬೇಡ ಎಂದು ನಿನ್ನಿಂದ ಮಾತು ತೆಗೆದುಕೊಂಡವಳು ನಾನು. ನೀನು ಮಗಳಿಗೂ ಹೇಳಲಿಲ್ಲ. ಗೊತ್ತಿದ್ದವನು ಅವನೊಬ್ಬನೇ. ಆ ಮೌನವನ್ನೇ ಹಿಡಿದುಕೊಂಡು, ನಿಮ್ಮಮ್ಮನಿಗೆ ನಾವು ಬೇಡವಾದೆವು, ಎದ್ದು ಹೋದಳು ಎಂದು ಮಗಳ ಕಿವಿ ತುಂಬಿದ. ಬೀಗ ಬದಲಿಸಿದ. ಎರಡು ವರ್ಷದಿಂದ ಅವಳು ನಿನ್ನ ಫೋನೂ ಎತ್ತುವುದಿಲ್ಲ, ನನ್ನದೂ ಎತ್ತುವುದಿಲ್ಲ. ನನಗೆ ಕೊಟ್ಟ ಮಾತಿನಿಂದ ನಿನ್ನನ್ನು ಬಿಡಿಸುತ್ತೇನೆ ಎಂದಾಗಲೆಲ್ಲ, 'ಕೂಗಾಡಿ ಸಾಬೀತು ಮಾಡೋದು ನಂಗಾಗಲ್ಲ ಅಕ್ಕಾ' ಎಂದೆ. ನನಗಾಗುತ್ತದೆ.

ಭಾನುವಾರ ಅವನದೊಂದು ಪದ್ಧತಿಯಿದೆ. ಮೇಜಿನಲ್ಲಿ ಹಿರಿಯರಾಗಿ ಕಂಡ ಒಬ್ಬರಿಗೆ ಮೊದಲ ಚಮಚ ತಿನ್ನಿಸಿ ನಾಲ್ಕು ಮಾತು ಆಡಿಸುವುದು. ಮಗಳು ಫೋನಿನಲ್ಲಿ ಚಿತ್ರೀಕರಿಸುತ್ತಾಳೆ. ಅವನ ಕಣ್ಣು ನನ್ನ ಬಿಳಿ ತಲೆಯ ಮೇಲೆ ಬಿತ್ತು. ಉದ್ದ ಜಡೆಯ, ದುಂಡು ಮುಖದ ಅತ್ತಿಗೆಯನ್ನು ಬಲ್ಲವನಿಗೆ ಈ ಹೆಡ್‌ಮಾಸ್ಟರ್ ಗುರುತು ಹತ್ತಲಿಲ್ಲ. ಚಮಚ ಹಿಡಿದು ಬಾಗಿ ಕಥೆ ಶುರು ಮಾಡಿದ: ಬಡತನವಂತೆ, ಮೆಣಸಿನಕಾಯಿ ಕೊಳ್ಳಲಾಗದ ಅಜ್ಜಿಯಂತೆ.

'ಯಾವ ಕಡೆ ಅಜ್ಜಿ?' ಎಂದೆ.

'ತಾಯಿ ಕಡೆ, ಮೇಡಮ್. ತೊಡೆ ಮೇಲೆ ಕೂರಿಸ್ಕೊಂಡು ತಿನ್ನಿಸ್ತಿದ್ರು.'

'ನಿಮ್ಮ ತಾಯಿನ ಹೆತ್ತ ದಿನವೇ ಅವ್ರು ತೀರ್ಕೊಂಡ್ರಲ್ಲಪ್ಪ. ನಿಮ್ಮ ಮದುವೇಲಿ ನಿಮ್ಮ ತಾಯೀನೇ ಹೇಳ್ಕೊಂಡು ಅತ್ರು. ನಿಮ್ಮನ್ನ ಕೂರಿಸ್ಕೊಂಡಿದ್ದು ಯಾರ ತೊಡೆ?'

ಮೇಜಿನವರು ನಕ್ಕರು. ದನಿ ಗುರುತಾಯಿತು ಅವನಿಗೆ. 'ಅಕ್ಕಾ, ನೀವಾ, ಒಳಗೆ ಬನ್ನಿ, ಮಾತಾಡೋಣ' ಎಂದ. ನಾನು ಏಳಲಿಲ್ಲ. ಮೊದಲ ಚಮಚ ತಿಂದವರು ಮಾತಾಡಬೇಕಲ್ಲ, ಮಾತಾಡಿದೆ. ನನ್ನ ನಾಲಿಗೆ, ನಿನ್ನ ಐದು ತಿಂಗಳು, ಬದಲಾದ ಬೀಗ, ನಾನು ಹಾಕಿಸಿಕೊಂಡ ಆಣೆ, ಎಲ್ಲ. ದನಿ ಏರಿಸಲಿಲ್ಲ. 'ಈ ಬಟ್ಟಲು ಬಿಳಿ ಇರೋದು ಬಡತನಕ್ಕಲ್ಲ, ನನ್ನ ಹುಣ್ಣಿಗೆ' ಎಂದೆ. ಪಕ್ಕದ ಹೆಂಗಸು ತನ್ನ ಚಮಚವನ್ನು ಮೆಲ್ಲಗೆ ಕೆಳಗಿಟ್ಟಳು. ಮುದುಕರೊಬ್ಬರು ಎದ್ದು ಹೊರಟರು. ಹೋಗುವಾಗ ಅವನ ಬೆನ್ನು ತಟ್ಟಿ, 'ಅಜ್ಜಿಗೆ ನಮಸ್ಕಾರ ಹೇಳಿ' ಎಂದರು. ಆ ಹೊತ್ತಿನ ಅವನ ಮುಖವನ್ನು ನಿನಗೆ ಪಾರ್ಸೆಲ್ ಮಾಡುವ ಹಾಗಿದ್ದರೆ ಮಾಡುತ್ತಿದ್ದೆ. ದಾರಿಯುದ್ದಕ್ಕೂ ನನ್ನೊಳಗೆ ಪಶ್ಚಾತ್ತಾಪ ಎಲ್ಲಾದರೂ ಇದೆಯೇ ಎಂದು ಹುಡುಕಿದೆ. ಸಿಗಲಿಲ್ಲ.

'ಆಫ್ ಮಾಡೇ ಅದನ್ನ' ಎಂದು ಅವನು ಮಗಳಿಗೆ ಎರಡು ಸಲ ಗದರಿದ. ಅವಳು ಫೋನು ಇಳಿಸಲಿಲ್ಲ. ಅವನ ಮುಖವನ್ನು ಕಣ್ತುಂಬ ನೋಡಿದ ನನಗೆ ಅವಳ ಮುಖ ನೋಡುವ ಧೈರ್ಯ ಬರಲಿಲ್ಲ. ನಿನ್ನ ಮಗಳನ್ನು ಇನ್ನಷ್ಟು ದೂರ ಮಾಡಿದೆನೋ ಏನೋ. ಹಾಗಾಗಿದ್ದರೆ ನನ್ನನ್ನು ಬೈ, ಮಾತು ಬಿಡಬೇಡ.

ಮೊಣಕೈಗೆ ಬಿಸಿನೀರಿನ ಶಾಖ ಕೊಟ್ಟುಕೋ. ನೂರು ವರ್ಷ ಬಾಳು, ಅವನಿಗಿಂತ ಒಂದು ದಿನವಾದರೂ ಹೆಚ್ಚು.

ನಿನ್ನ
ಅಕ್ಕ

ತಾ.ಕ.: ಸೋಮವಾರ, ಬೆಳಗ್ಗೆ ಆರು. ಲಕೋಟೆಗೆ ಅಂಚೆಚೀಟಿ ಇಲ್ಲ, ನೋಡಿದೆಯಾ? ನಿನ್ನೆ ಸಂಜೆ ನಿನ್ನ ಮಗಳು ಬಂದಳು, ಏಪ್ರನ್ ಬಿಚ್ಚುವುದನ್ನೂ ಮರೆತು. ನನ್ನ ಆಸ್ಪತ್ರೆಯ ಕಾಗದಗಳನ್ನೆಲ್ಲ ಕೇಳಿ ತೆಗೆಸಿ, ಒಂದೊಂದೇ ತಾರೀಖು ಓದಿದಳು. ಆಮೇಲೆ 'ಅಮ್ಮ ನನ್ನ ಮುಖ ನೋಡ್ತಾಳಾ ದೊಡ್ಡಮ್ಮಾ' ಎಂದಷ್ಟೇ ಕೇಳಿದಳು. ಮೊದಲ ಬಸ್ಸಿಗೆ ಹೊರಟಿದ್ದಾಳೆ. ಈ ಪತ್ರವನ್ನು ನಿಮ್ಮ ಹಾಸ್ಟೆಲಿನ ವಾಚ್‌ಮನ್ ಕೈಗೆ ಕೊಟ್ಟು ಗೇಟಿನ ಹೊರಗೆ ನಿಂತಿರುತ್ತಾಳಂತೆ, ನೀನು ಕರೆದರೆ ಮಾತ್ರ ಒಳಗೆ ಬರುತ್ತಾಳಂತೆ. ನಿನ್ನೆಯಿಂದ ಏನೂ ತಿಂದಿಲ್ಲ. ಕೈ ಒರೆಸಿಕೊಳ್ಳುತ್ತಾ ನಿಲ್ಲಬೇಡ, ಹೋಗು.