ಬಾಗಿಲ ಹೊರಗಿನ ಕುಣಿತ

ಅಮ್ಮಾ,

ನೀನು ತೀರಿಕೊಂಡ ಮೇಲೆ ತಂಗಿಗೆ ನಾನೇ ದಿಕ್ಕು. ಒಂದು ತಿಂಗಳಿಂದ ಶಾಲೆಗೆ ಹೊರಡುವ ಹೊತ್ತಿಗೇ ಅವಳಿಗೆ ತಲೆನೋವು. ನಾಟಕವೆಂದು ಗದರಿದೆ.

"ನಾಟಕ ಆಡೋದಾಗಿದ್ರೆ ಹೊಟ್ಟೆನೋವು ಅಂತಿದ್ದೆ ಅಕ್ಕಾ. ಅದನ್ನಾದ್ರೂ ನೀನು ನಂಬ್ತೀಯ," ಎಂದಳು.

ಇವತ್ತು ವಾಂತಿಯನ್ನೂ ಮಾಡಿಕೊಂಡಳು. ಹೊಲಿಗೆ ಅಂಗಡಿಗೆ ರಜೆ ಹೇಳಿ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವರು ಕಣ್ಣಿಗೆ ಬಿಟ್ಟ ಟಾರ್ಚಿನ ಬೆಳಕು ತಡೆಯಲಾರದೆ ಅವಳು ನನ್ನ ತೋಳಿಗೆ ಮುಖ ಒತ್ತಿಕೊಂಡಳು.

"ಇದು ಮೈಗ್ರೇನ್ ತಲೆನೋವು. ಬೆಳಕು, ಸದ್ದು ಎರಡೂ ತಡೆಯೋಕಾಗಲ್ಲ. ಮಕ್ಕಳಿಗೂ ಬರುತ್ತಮ್ಮ. ಮನೇಲಿ ಬೇರೆ ಯಾರಿಗಾದ್ರೂ ಇತ್ತಾ?" ಎಂದು ಡಾಕ್ಟರು ಕೇಳಿದರು.

"ಇಲ್ಲ," ಎಂದೆ. ಆಮೇಲೆ ನೀನು ನೆನಪಾದೆ. ಕಿಟಕಿ ಮುಚ್ಚಿ, ತಲೆಗೆ ಬಟ್ಟೆ ಬಿಗಿದುಕೊಂಡು, ಗೋಡೆ ಕಡೆ ತಿರುಗಿ ಮಲಗುತ್ತಿದ್ದೆಯಲ್ಲ. ನನ್ನ ಮೇಲೆ ಮುನಿಸಿಕೊಂಡಿದ್ದೀಯೆಂದೇ ತಿಳಿದಿದ್ದೆ. ಆಗಿನ್ನೂ ಚಿಕ್ಕವಳಾಗಿದ್ದ ನಾನು ನಿನ್ನನ್ನು ನಗಿಸಲೆಂದು ಬಾಗಿಲ ಹೊರಗೆ ತಟ್ಟೆ ಬಡಿಯುತ್ತಾ ಕುಣಿಯುತ್ತಿದ್ದೆ. ನೀನು ಒಂದು ದಿನವೂ ಗದರಲಿಲ್ಲ. "ನಕ್ಕೆ ಕಂದಾ, ಸಾಕು," ಎನ್ನುತ್ತಿದ್ದೆ.

"ಇತ್ತು ಡಾಕ್ಟ್ರೇ, ಅಮ್ಮನಿಗಿತ್ತು," ಎಂದೆ. ಅವರು ಚೀಟಿಯಲ್ಲಿ ಬರೆದುಕೊಂಡರು.

ಈಗ ತಂಗಿ ಮಾತ್ರೆ ನುಂಗಿ ಮಲಗಿದ್ದಾಳೆ. ನಾಲ್ಕು ಜನರೆದುರು ಬಾಯಿ ಬಿಡದ ನಾನು ಇವತ್ತು ಬೀದಿಗಿಳಿದು, ಚೆಂಡಾಡುತ್ತಿದ್ದ ಮಕ್ಕಳಿಗೆಲ್ಲ ಕೈಮುಗಿದು, ಸ್ವಲ್ಪ ದೂರ ಹೋಗಿ ಆಡಿಕೊಳ್ಳಿ ಎಂದು ಬೇಡಿಕೊಂಡೆ.