ಬಿಡಿಸುನೀರಿಗೆ ಬಿಡದ ರೆಕ್ಕೆ

ಗದಗ ಸೀಮೆ, ರೆಕ್ಕೆಗುಂಡಿ
9 ಮಾರ್ಚ್ 2216

ನೂರಾ ತೊಂಬತ್ತು ವರ್ಷದ ಹಿಂದಿನ ಪ್ರಯೋಗಶಾಲೆಗಳಲ್ಲಿ ರಾಳ, ಲೇಪ ಸಿದ್ಧಪಡಿಸುತ್ತಿರುವ ಹಿರಿಯರಿಗೆ ಫಕೀರವ್ವನ ಶರಣು.

ತಾರೀಖು ನೋಡಿ ನೀವು ನಕ್ಕರೂ ಸರಿ, ಕಾಗದವನ್ನು ಕೊನೆಯವರೆಗೆ ಓದಿ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಕಳಚುಗಾರ್ತಿ, ನೀವು ಕಟ್ಟಿ ಬಿಟ್ಟುಹೋದುದನ್ನು ಬಿಚ್ಚಿ, ಅದರೊಳಗಿನ ಗಾಜಿನ ನೂಲನ್ನು ಮತ್ತೆ ಬಳಕೆಗೆ ತರುವುದು ನಮ್ಮ ಕಸುಬು. ಇಲ್ಲಿ ನಿಮ್ಮ ಗಾಳಿಯಂತ್ರಗಳ ಸಾವಿರಾರು ರೆಕ್ಕೆಗಳನ್ನು ಹೂತಿದ್ದಾರೆ. ಒಮ್ಮೆ ಗಟ್ಟಿಯಾದ ಮೇಲೆ ಎಷ್ಟು ಕಾಯಿಸಿದರೂ ಕರಗದ ರಾಳ ಅವುಗಳದ್ದು. ಆಮೇಲಿನ ಕಾಲದ ಕೆಲವು ಮಾತ್ರ ಬಿಸಿ ಹುಳಿನೀರಿಗೆ ಮೆತ್ತಗಾಗುತ್ತವೆ. ಆ ನೀರಿಗೆ ನಾವು ಬಿಡಿಸುನೀರು ಎನ್ನುತ್ತೇವೆ. ಹೊರಗಿನ ಬಿಳಿ ಲೇಪ ಎಲ್ಲದಕ್ಕೂ ಒಂದೇ.

ಕಳೆದ ತಿಂಗಳು ಗುಂಡಿಯ ಅಂಚು ಕುಸಿಯಿತು. ಒಂದು ರೆಕ್ಕೆ ಜಾರಿ ನನ್ನ ಅಕ್ಕ ನಿಂಗವ್ವನ ಎಡಗಾಲಿನ ಮೇಲೆ ಕೂತಿತು. ಅದರ ಮೇಲಿನ ರಾಶಿ ಗಳಿಗೆಗೊಮ್ಮೆ ಕಿರ್ ಎನ್ನುತ್ತ ಕೆಳಗಿಳಿಯುತ್ತಿತ್ತು. ಗರಗಸ ಹಾಕಿದರೆ ಅದುರಿ ರಾಶಿಯೇ ಅವಳ ಮೇಲೆ ಬೀಳುವ ಭಯ. ರಾಳ ಮೆತ್ತಗಾದರೆ ಕಾಲಿನ ಸುತ್ತಲಷ್ಟೇ ಚಾಕುವಿನಿಂದ ಕೊಯ್ಯಬಹುದಿತ್ತು.

“ಹಳೇದೋ ಹೊಸಾದೋ, ನೋಡ ಲಗೂನ,” ಎಂದರು ಮೇಸ್ತ್ರಿ ಹುಸೇನಸಾಬರು. ಉಳಿಯಿಂದ ಲೇಪ ಕೆರೆದೆ. ಹೆಸರಿಲ್ಲ, ಅಂಕಿಯಿಲ್ಲ.

“ಏನರ ಬರದಾರೇನ ನೋಡಬೇ,” ಅಕ್ಕ ಹಲ್ಲು ಕಚ್ಚಿಕೊಂಡು ಕೇಳಿದಳು.

“ಏನೂ ಇಲ್ಲ ಅಕ್ಕಾ.”

“ಹಂಗಾರ ಸುರುವು. ಹೊತ್ತಿಲ್ಲ.”

ಅವಳ ಕಾಲಿಗೆ ಒದ್ದೆ ಗೋಣಿ ಸುತ್ತಿ, ಇದ್ದ ಒಂದೇ ಪೀಪಾಯಿ ಬಿಡಿಸುನೀರನ್ನು ಕೆರೆದ ಜಾಗಕ್ಕೆ ಸುರಿದೆವು. ಒತ್ತಿ ನೋಡಿದೆ. ಕಲ್ಲು. ಕಾಲು ಗಂಟೆ ಬಿಟ್ಟು ಮತ್ತೆ ಒತ್ತಿದೆ. ಕಲ್ಲು. ರಾಶಿ ಇನ್ನೊಂದು ಗೇಣು ಇಳಿಯಿತು. ಅಕ್ಕ ನನ್ನ ಕೈ ಹಿಡಿದು, “ಫಕೀರಿ, ರೆಕ್ಕಿ ಬಿಡೂದಿಲ್ಲ. ಕಾಲ ತಗಸ್ರಿ,” ಎಂದಳು.

ಹುಸೇನಸಾಬರು ಮುಖ ತಿರುಗಿಸಿದರು. ಆಮೇಲೆ ಡಾಕ್ಟರಬಾಯಿಯನ್ನು ಕೂಗಿ ಕರೆದರು.

ಅಕ್ಕ ಬದುಕಿದಳು. ಕಾಲು ಕತ್ತರಿಸಿ ಅವಳನ್ನು ಎಳೆದುಕೊಂಡ ಸ್ವಲ್ಪ ಹೊತ್ತಿಗೇ ಅವಳಿದ್ದ ಜಾಗ ಮುಚ್ಚಿಹೋಯಿತು.

ಎಂಟು ದಿನದ ಮೇಲೆ ಆ ರೆಕ್ಕೆಯ ಚೂರೊಂದನ್ನು ಪರೀಕ್ಷೆಗೆ ಹಾಕಿದೆ. ಅದು ಹೊಸ ಕಾಲದ್ದೇ. ಮುಂದಿನವರು ಬಿಚ್ಚಲೆಂದೇ ನಿಮ್ಮಲ್ಲಿ ಯಾರೋ ವರ್ಷಗಟ್ಟಲೆ ಕೂತು ಮಾಡಿದ ರಾಳ. ಆದರೆ ಅದು ಬಿಡುವುದು ಹುಳಿಗಲ್ಲ, ಕ್ಷಾರಕ್ಕೆ. ಹತ್ತೇ ನಿಮಿಷದಲ್ಲಿ ಅಂಬಲಿಯಂತಾಯಿತು. ಪೀಪಾಯಿ ತೊಳೆಯುವ ಕ್ಷಾರದ ನೀರು ಅವತ್ತು ನಮ್ಮ ಗಾಡಿಯಲ್ಲೇ ಇತ್ತು. ಅಕ್ಕನಿಗೆ ಇದನ್ನು ನಾನಿನ್ನೂ ಹೇಳಿಲ್ಲ.

ನಿಮ್ಮ ಮೇಲೆ ಸಿಟ್ಟಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಒಳ್ಳೆಯದನ್ನೇ ಮಾಡಿದಿರಿ, ಹೇಳಿ ಹೋಗಲಿಲ್ಲ. ಲೇಪ ಬಳಿಯುವ ಮೊದಲು ರಾಳದ ಮೈಯಲ್ಲೇ ಆಳವಾಗಿ ಕೊರೆದು ಬರೆಯಿರಿ, ಇದು ಯಾವುದಕ್ಕೆ ಬಿಡುತ್ತದೆಂದು. ಕನ್ನಡದಲ್ಲೂ ಬರೆಯಿರಿ. ಇನ್ನೂ ಮೂರು ಸಾವಿರ ರೆಕ್ಕೆಗಳು ಉಳಿದಿವೆ; ಬೆಳಿಗ್ಗೆ ನಾನು ಮತ್ತೆ ಇಳಿಯಬೇಕು.